ಹೃದಯಶುದ್ಧಿ ಮತ್ತು ಬಾಹ್ಯಾಚಾರ (ಕ್ರೈಸ್ತ ಭಕ್ತಿಯಲ್ಲಿ)

ದೇವರ ಮುಂದೆ ಮನುಷ್ಯನನ್ನು ಶುದ್ಧಗೊಳಿಸುವುದು ಒಳಗಿನ ಮನಸ್ಸೋ ಹೊರಗಿನ ಆಚರಣೆಯೋ ಎಂಬ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಕನ್ನಡನಾಡಿನಲ್ಲಿ ಅದು ಸ್ನಾನ, ಬೂದಿ, ತಾಳಿ, ಮುಟ್ಟು, ಜಾತಿಗಳ ಪ್ರಶ್ನೆಯಾಗಿ 17ನೆಯ ಶತಮಾನದಿಂದ ಎದುರಾಗುತ್ತ ಬಂದಿದೆ. ಮಡಿ-ಮೈಲಿಗೆ ನಿತ್ಯದ ಮಾತಾಗಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸಣ್ಣ ಕ್ರೈಸ್ತ ಸಮುದಾಯಗಳಿಗೆ ಈ ಚರಿತ್ರೆ ದೂರದ್ದಲ್ಲ.

ಶುಭಸಂದೇಶದ ನೆಲೆ

ಚರ್ಚೆಗೆ ಮೂಲ ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯ. ಶಿಷ್ಯರು ಕೈ ತೊಳೆಯದೆ ಊಟ ಮಾಡಿದರೆಂದು ಫರಿಸಾಯರು ಆಕ್ಷೇಪಿಸುತ್ತಾರೆ. ಯೇಸುವಿನ ಉತ್ತರದಲ್ಲಿ ಎರಡು ಭಾಗಗಳಿವೆ. ಹೊರಗಿನಿಂದ ಒಳಹೋಗುವ ಆಹಾರ ಯಾರನ್ನೂ ಮೈಲಿಗೆ ಮಾಡದು, ಹೃದಯದಿಂದ ಹೊರಡುವ ಕೆಡುಕೇ ಮೈಲಿಗೆ ಎಂಬುದು ಎಲ್ಲರೂ ನೆನೆಯುವ ಭಾಗ. ಅದಕ್ಕೂ ಮೊದಲು ಬರುವ ‘ಕೊರ್ಬಾನ್’ ಉದಾಹರಣೆಯನ್ನು ಅನೇಕರು ದಾಟಿ ಹೋಗುತ್ತಾರೆ. ಆಸ್ತಿಯನ್ನು ದೇವರಿಗೆ ಮೀಸಲೆಂದು ಘೋಷಿಸಿ ಮುಪ್ಪಿನ ತಂದೆತಾಯಿಯನ್ನು ಸಾಕುವ ಹೊಣೆಯಿಂದ ನುಣುಚಿಕೊಳ್ಳುವ ಪದ್ಧತಿ ಅದು. ಯೇಸುವಿನ ಸಿಟ್ಟು ಆಚರಣೆಯ ಮೇಲಲ್ಲ, ಕರ್ತವ್ಯ ತಪ್ಪಿಸಿಕೊಳ್ಳಲು ಅದನ್ನು ಮರೆಮಾಡಿಕೊಳ್ಳುವುದರ ಮೇಲೆ. ಗುಣವಾದ ಕುಷ್ಠರೋಗಿಯನ್ನು ಯಾಜಕನ ಬಳಿಗೆ ಹೋಗಿ ಕಾಣಿಕೆ ಸಲ್ಲಿಸೆಂದು ಕಳುಹಿಸಿದವನೂ ಆತನೇ. ಆದ್ದರಿಂದ ಶುಭಸಂದೇಶವು ಆಚರಣೆಯನ್ನೇ ತಳ್ಳಿಹಾಕುತ್ತದೆಂಬ ವಾದಕ್ಕೆ ಬಲವಿಲ್ಲ.

ಮೈಸೂರು ಮಿಷನ್ ಮತ್ತು ‘ಮಲಬಾರ್ ಆಚರಣೆ’ಗಳ ವಿವಾದ

ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ, ಕಂಠೀರವ ನರಸರಾಜ ಒಡೆಯರ (1638–1659) ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ತಳಹದಿ ಹಾಕಿದ. ಮಧುರೆಯಲ್ಲಿ ರಾಬರ್ಟ್ ದಿ ನೊಬಿಲಿ ತೋರಿದ ದಾರಿಯಲ್ಲೇ ಸನ್ಯಾಸಿಯ ವೇಷ ತೊಟ್ಟು, ಸ್ಥಳೀಯ ನಡೆನುಡಿ ಅನುಸರಿಸಿ, ಕನ್ನಡದಲ್ಲಿ ಧರ್ಮೋಪದೇಶ ಬರೆದ. ಜನಿವಾರ, ಗಂಧ, ಸ್ನಾನ ಮುಂತಾದವು ಲೌಕಿಕ ಮರ್ಯಾದೆಗಳು, ಮೂಢನಂಬಿಕೆಯ ಅಂಶ ತೆಗೆದರೆ ಕ್ರೈಸ್ತರೂ ಇಟ್ಟುಕೊಳ್ಳಬಹುದು ಎಂಬುದು ನೊಬಿಲಿಯ ನಿಲುವು. 1623ರಲ್ಲಿ 15ನೆಯ ಗ್ರೆಗೊರಿ ಪೋಪರು ಇದಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟರು.

ಎಂಬತ್ತು ವರ್ಷಗಳ ತರುವಾಯ ಗಾಳಿ ತಿರುಗಿತು. ಪೋಪರ ಪ್ರತಿನಿಧಿ ಷಾರ್ಲ್ ಮೈಯಾರ್ ದ ತೂರ್ನೋಂ 1703ರ ನವೆಂಬರಿನಲ್ಲಿ ಪಾಂಡಿಚೇರಿಗೆ ಬಂದು ಎಂಟು ತಿಂಗಳು ಅಲ್ಲೇ ಉಳಿದ. ಕಾಯಿಲೆಯಿಂದಾಗಿ ಒಳನಾಡಿನ ಮಿಷನ್ನುಗಳಿಗೆ ಹೋಗಲಾಗಲಿಲ್ಲ. ಆದರೂ 1704ರ ಜೂನ್ 23ರ ದಿನಾಂಕ ಹೊತ್ತ, 16 ವಿಧಿಗಳ ಅವನ ಆಜ್ಞೆ ಮಧುರೆ, ಮೈಸೂರು, ಕರ್ನಾಟಿಕ್ ಈ ಮೂರೂ ಮಿಷನ್ನುಗಳಿಗೆ ಅನ್ವಯವಾಯಿತು. ಮೈಸೂರು ಸೀಮೆಯ ಒಂದು ಹಳ್ಳಿಯನ್ನೂ ಕಾಣದವನ ಆಜ್ಞೆ ಅಲ್ಲಿನ ಮದುವೆಮನೆಯ ತೆಂಗಿನಕಾಯಿಯವರೆಗೂ ಕೈಚಾಚಿತು.

ವಿಧಿಗಳ ಸ್ವರೂಪವನ್ನು ಬಿಡಿಸಿ ನೋಡಬೇಕು. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮೊದಲ ಗುಂಪು ಸಂಸ್ಕಾರದ ಕ್ರಮಕ್ಕೆ ಸಂಬಂಧಿಸಿದ್ದು. ದೀಕ್ಷಾಸ್ನಾನದಲ್ಲಿ ಗುರು ಎಂಜಲು ಸೋಕಿಸುವುದನ್ನೂ ಉಸಿರೂದುವುದನ್ನೂ ಜನ ಹೇಸುತ್ತಾರೆಂದು ಮಿಷನರಿಗಳು ಬಿಟ್ಟಿದ್ದರು. ಬಿಡಕೂಡದೆಂದು ತೂರ್ನೋಂ ವಿಧಿಸಿದ. ಎರಡನೆಯ ಗುಂಪು ಸಾಮಾಜಿಕ ರೂಢಿಗಳದು: ಗಣಪತಿಯ ಗುರುತಿನ ತಾಳಿ, ಮದುವೆಯಲ್ಲಿ ಕಾಯಿ ಒಡೆಯುವುದು, ಹುಡುಗಿ ಮೈನೆರೆದಾಗಿನ ಸಂಭ್ರಮ, ಹಣೆಯ ವಿಭೂತಿ, ಇವೆಲ್ಲ ನಿಷಿದ್ಧವಾದವು. ಸ್ನಾನವನ್ನು ಮೈ ಶುಚಿಗೆ ಮಾಡಬಹುದು, ಗೊತ್ತಾದ ಹೊತ್ತಿನಲ್ಲಿ ಶಾಸ್ತ್ರವಾಗಿ ಮಾಡಕೂಡದು ಎಂದಾಯಿತು. ಬೂದಿ ಬುಧವಾರದಂದು ಧರ್ಮಸಭೆಯೇ ಹಚ್ಚುವ ಬೂದಿ ಮಾತ್ರ ಎಂದಿನಂತೆ ಉಳಿಯಿತು.

ಮೂರನೆಯ ಗುಂಪಿನಲ್ಲಿ ಇರುವುದು ಮುಖ್ಯವಾಗಿ ಎರಡೇ. ಮುಟ್ಟಾದ ಹೆಂಗಸರನ್ನು ಪಾಪನಿವೇದನೆಯಿಂದ ದೂರವಿಡಬಾರದು. ಕಾಯಿಲೆಬಿದ್ದ ಅಸ್ಪೃಶ್ಯರ ಮನೆಯೊಳಗೆ ಹೋಗಿ ಸಂಸ್ಕಾರ ಕೊಡಲು ಗುರುಗಳು ಹಿಂಜರಿಯಬಾರದು. ಈ ಲೇಖಕನ ದೃಷ್ಟಿಯಲ್ಲಿ ಇಡೀ ಆಜ್ಞೆಯಲ್ಲಿ ಮಾರ್ಕನ 7ನೆಯ ಅಧ್ಯಾಯಕ್ಕೆ ನೇರ ನಂಟಿರುವುದು ಇವೆರಡಕ್ಕೇ. ಕಾಯಿ ಒಡೆದರೆ ಯಾರಿಗೂ ಅನ್ಯಾಯವಾಗದು. ಸಾಯುತ್ತಿರುವವನ ಬಾಗಿಲಲ್ಲಿ ಮೈಲಿಗೆಯೆಂದು ಗುರು ನಿಂತುಬಿಟ್ಟರೆ ಕೊರ್ಬಾನ್ ಕಥೆಯೇ ಮರುಕಳಿಸಿದಂತೆ. ದುರದೃಷ್ಟವೆಂದರೆ, ವಾದ ಬೆಳೆದಂತೆ ಎಂಜಲು, ತಾಳಿ, ಬೂದಿಗಳೇ ಮುಂದೆ ಬಂದು ಈ ಎರಡು ವಿಧಿಗಳು ಹಿಂದಾದವು. 14ನೆಯ ಬೆನೆಡಿಕ್ಟ್ ಪೋಪರ 1744ರ ಶಾಸನ ತೂರ್ನೋಂ ಆಜ್ಞೆಯನ್ನು ಎತ್ತಿಹಿಡಿಯಿತು. ಆದರೆ ಎಂಜಲು ಮತ್ತು ಉಸಿರಿನ ವಿಧಿಗೆ ಹತ್ತು ವರ್ಷಗಳ ವಿನಾಯಿತಿ ಕೊಟ್ಟು, ಅಸ್ಪೃಶ್ಯರಿಗೆ ಬೇರೆಯೇ ಗುರುಗಳನ್ನು ನೇಮಿಸುವ ಏರ್ಪಾಡಿಗೆ ಒಪ್ಪಿತು. ಜಾತಿಯ ಗೋಡೆ ಹೀಗೆ ಸಂಸ್ಕಾರದ ಒಳಗೇ ಉಳಿದುಕೊಂಡಿತು. ಭಾರತಕ್ಕೆ ಬರುವ ಮಿಷನರಿಗಳು, ‘ಮಲಬಾರ್ ಆಚರಣೆ’ಗಳೆಂದು ಹೆಸರಾದ ಈ ರೂಢಿಗಳ ವಿರುದ್ಧ ಮಾಡಬೇಕಿದ್ದ ಪ್ರಮಾಣ ರದ್ದಾದದ್ದು 1940ರಲ್ಲಿ.

ದ್ಯೂಬುವಾ ಸಾಕ್ಷ್ಯ

ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಕ್ರೈಸ್ತರ ನಡುವೆ 1823ರವರೆಗೆ ದುಡಿದ ಫ್ರೆಂಚ್ ಗುರು ಅಬ್ಬೆ ದ್ಯೂಬುವಾ, ಅದೇ ವರ್ಷ ಪ್ರಕಟವಾದ ತನ್ನ ಪತ್ರಗಳಲ್ಲಿ ಒಂದು ಮುಖ್ಯ ಮಾತು ಹೇಳಿದ್ದಾನೆ. ಪೂಜೆ, ಮೆರವಣಿಗೆ, ವಿಗ್ರಹ, ತೀರ್ಥ, ಉಪವಾಸ ಇರುವ ಕಥೋಲಿಕ ಪಂಥವೇ ಇಲ್ಲಿನ ಜನಕ್ಕೆ ಹಿಡಿಸಲಿಲ್ಲವೆಂದ ಮೇಲೆ ಆಡಂಬರವಿಲ್ಲದ ಪ್ರೊಟೆಸ್ಟೆಂಟ್ ಪಂಥ ಹಿಡಿಸುವುದು ಹೇಗೆ ಎಂಬುದು ಅವನ ವಾದ. ವಾದ್ಯ, ಗದ್ದಲಗಳ ಕ್ರೈಸ್ತ ಮೆರವಣಿಗೆಗಳ ಬಗ್ಗೆ ಅವನಿಗೇ ಬೇಸರವಿತ್ತು. ಅವನ ನಿರಾಶೆಯನ್ನು ಅಳತೆಯಿಟ್ಟೇ ಓದಬೇಕು. ಭಕ್ತರ ಹೊರಗನ್ನು ಕಂಡು ಒಳಗನ್ನು ತೀರ್ಮಾನಿಸುವ ತಪ್ಪು ಅವನಲ್ಲೂ ಇದೆ.

ಪ್ರೊಟೆಸ್ಟೆಂಟ್ ಧಾರೆ

ಒಳಗಿನ ಪರಿವರ್ತನೆಯೇ ಸರ್ವಸ್ವವೆಂಬ ಜರ್ಮನ್ ಪಯಟಿಸಂನ ಹಿನ್ನೆಲೆಯಿಂದ ಬಂದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ, 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿತು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ ಕೆಲಸ ಮಾಡಿತು. ವಿಗ್ರಹ, ತೇರು, ಹರಕೆಗಳಿಗೆ ಇಲ್ಲಿ ಎಡೆಯಿರಲಿಲ್ಲ; ಜಾತಿಯನ್ನು ಪೂರ್ತಿ ಬಿಟ್ಟು ಬರಬೇಕಿತ್ತು. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿದ್ದು, ಹೃದಯದ ಧರ್ಮಕ್ಕೂ ಒಂದು ದೇಶೀ ರೂಪ ಬೇಕೆಂಬ ಅರಿವಿನಿಂದ ಎನ್ನಬಹುದು.

ದಾವಣಗೆರೆ ಸೀಮೆ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87, ದಾವಣಗೆರೆ ಜಿಲ್ಲೆಯಲ್ಲಿ ಇನ್ನೂ ಬಹಳ ಕಡಿಮೆ. ಹಿಂದೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಚನ್ನಗಿರಿಗಳು 1963ರಿಂದ ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲಿದ್ದರೆ, ಆಗ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರು ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿತ್ತು. 1988ರ ನವೆಂಬರ್ 14ರಂದು ಶಿವಮೊಗ್ಗ ಧರ್ಮಪ್ರಾಂತ್ಯ ರಚನೆಯಾದಾಗ ಎರಡೂ ಕಡೆಯವರು ಒಂದಾದರು. ಸರ್ಕಾರಿ ನಕ್ಷೆಯಲ್ಲಿ ಅವರು ಒಂದಾದದ್ದು 1997ರಲ್ಲಿ, ದಾವಣಗೆರೆ ಜಿಲ್ಲೆ ಹುಟ್ಟಿದಾಗ. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ತಾಲ್ಲೂಕು ಇತ್ತೀಚಿನದು. ಜಿಲ್ಲೆಯ ದೊಡ್ಡ ಯಾತ್ರಾಸ್ಥಳ ಹರಿಹರದ ಆರೋಗ್ಯಮಾತೆಯ ಬೆಸಿಲಿಕ. ಅಲ್ಲಿನ ಹಬ್ಬ ಸೆಪ್ಟೆಂಬರ್ 8ರಂದು. ಸುತ್ತಲಿನ ಶರಣ ಪರಂಪರೆಯಲ್ಲೂ ಅಂತರಂಗಶುದ್ಧಿಯ ಮಾತು ಗಟ್ಟಿಯಾಗಿದೆ. ಆದರೆ ಎರಡರ ಹೋಲಿಕೆಯನ್ನು ಪ್ರಭಾವವೆಂದು ಕರೆಯುವುದು ಆತುರದ ಮಾತಾದೀತು.

ಒಳಗು-ಹೊರಗುಗಳ ಎಳೆದಾಟ ಕಣ್ಣಿಗೆ ಕಾಣುವುದು ತಪಸ್ಸುಕಾಲದ ಮೊದಲ ದಿನ. ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳು ಮನೆಗಳಲ್ಲಿ ಶಿಲುಬೆಯ ಹಿಂದೆ ಒಣಗಿರುತ್ತವೆ. ಅವನ್ನು ತಂದು ಸುಟ್ಟು, ಬೂದಿಯನ್ನು ಜರಡಿ ಹಿಡಿದು, ಗುರುಗಳು ಒಬ್ಬೊಬ್ಬರ ಹಣೆಗೂ ಹಚ್ಚುತ್ತಾರೆ. ಅದೇ ಪೂಜೆಯಲ್ಲಿ ಪ್ರತಿವರ್ಷ ಓದುವ ಪಾಠಗಳಾದರೋ ಯೊವೇಲ ಪ್ರವಾದಿಯ 2ನೆಯ ಅಧ್ಯಾಯ ಮತ್ತು ಮತ್ತಾಯನ 6ನೆಯ ಅಧ್ಯಾಯ: ಬಟ್ಟೆ ಹರಿದುಕೊಳ್ಳದೆ ಹೃದಯ ಹರಿದುಕೊಳ್ಳಬೇಕು, ಉಪವಾಸವಿರುವವನು ಮುಖ ತೊಳೆದುಕೊಂಡು ಅದನ್ನು ಮರೆಸಬೇಕು ಎಂಬ ಬೋಧನೆ. ಬೂದಿ ಹಚ್ಚಿಸಿಕೊಂಡ ಹಣೆಗೇ ಈ ಎಚ್ಚರಿಕೆ. ಎರಡನ್ನೂ ಒಟ್ಟಿಗೆ ಇಟ್ಟಿರುವುದರಲ್ಲೇ ಆರಾಧನಾಕ್ರಮದ ವಿವೇಕವಿದೆ.

ದೇಶೀ ಆಚರಣೆಗಳ ಪ್ರಶ್ನೆಗೆ ಮರಳಿದರೆ, ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1969ರ ಏಪ್ರಿಲ್ 25ರ ಪತ್ರದಲ್ಲಿ ರೋಮ್ ಭಾರತದ ಬಲಿಪೂಜೆಗೆ 12 ಮಾರ್ಪಾಡುಗಳನ್ನು ಒಪ್ಪಿತು. ಪಾದರಕ್ಷೆ ಕಳಚುವುದು, ನೆಲದ ಮೇಲೆ ಕೂರುವುದು, ಕೈಮುಗಿದು ಬಾಗುವುದು, ಪಂಚಾಂಗ ಪ್ರಣಾಮ, ಎಣ್ಣೆದೀಪ, ಹೂವು-ಧೂಪ-ದೀಪಗಳ ಆರತಿ ಅದರಲ್ಲಿ ಸೇರಿವೆ. ಇವು ಕಡ್ಡಾಯವಲ್ಲ, ಯಾವುದನ್ನು ಎಷ್ಟು ಬಳಸಬೇಕೆಂಬುದನ್ನು ಆಯಾ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರೇ ನಿರ್ಧರಿಸುತ್ತಾರೆ.