ಚೀಲದ ಬಾಯಿ ಹಿಡಿದವಳು

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಗದ್ದೆಯ ತುಂಬ ಗೋಂಕರು ಕಪ್ಪೆಗಳ ಗದ್ದಲ. ಹಳದಿ ಮೈಯ ಗಂಡುಗಳು ಗಂಟಲ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತಿದ್ದವು. "ಕೂಗಲಿ ಬಿಡೇ, ಮಳೆ ಕರೀತಾವೆ" ಎನ್ನುತ್ತಿದ್ದಳು ಅಜ್ಜಿ.

ಎಪ್ಪತ್ತರ ದಶಕದ ಒಂದು ಮಳೆಗಾಲ, ಗ್ಯಾಸ್‌ಲೈಟು ಹಿಡಿದು ಕಪ್ಪೆ ಹಿಡಿಯುವವರು ಬಂದರು. ಬೆಳಕು ಕಣ್ಣಿಗೆ ಬಿದ್ದರೆ ಕಪ್ಪೆ ಕದಲದೆ ಕೂರುತ್ತದೆ. ಅಣ್ಣ ಎತ್ತಿ ಹಾಕುತ್ತಿದ್ದ, ನಾನು ಚೀಲದ ಬಾಯಿ ಹಿಡಿದಿದ್ದೆ. ಸಿಕ್ಕ ಚಿಲ್ಲರೆಯಲ್ಲಿ ಕೆಂಪು ರಿಬ್ಬನ್ ಕೊಂಡೆ. ಅಜ್ಜಿ ಎರಡು ದಿನ ನನ್ನ ಜಡೆ ಹೆಣೆಯಲಿಲ್ಲ.

ಮುಂದೆ ಕಾಲೇಜಿನಲ್ಲಿ ಆಹಾರ ಸರಪಳಿ ಓದಿದೆ. ಪೈರು, ಪೈರು ತಿನ್ನುವ ಮಿಡತೆ, ಮಿಡತೆ ನುಂಗುವ ಕಪ್ಪೆ, ಕಪ್ಪೆ ಹಿಡಿಯುವ ಕೇರೆಹಾವು, ಮೇಲೆ ಹದ್ದು. ಚಿತ್ರದಲ್ಲಿ ಎಲ್ಲರೂ ಮೆಟ್ಟಿಲ ಮೇಲೆ ಶಿಸ್ತಾಗಿ ಕೂತಿದ್ದರು. ನಿಜದಲ್ಲಿ ಕಪ್ಪೆ ಒಂದೇ ಮೆಟ್ಟಿಲಿನದಲ್ಲ. ಬಹಳಷ್ಟು ಗೊದಮೊಟ್ಟೆಗಳು ಪಾಚಿ ತಿಂದು ಬೆಳೆಯುತ್ತವೆ, ಕಾಲು ಬಂದ ಮೇಲೆ ಹುಳ ಹಿಡಿಯುತ್ತವೆ. ಗೋಂಕರು ಕಪ್ಪೆಯ ಮರಿಯಂತೂ ಬೇರೆ ಗೊದಮೊಟ್ಟೆಗಳನ್ನೇ ನುಂಗುತ್ತದೆ. ದೊಡ್ಡದಾದರೆ ಇಲಿಮರಿಯನ್ನೂ ಬಿಡದು. ಅದೇ ಕಪ್ಪೆ ಹಾವಿಗೂ ಕೊಕ್ಕರೆಗೂ ಊಟ.

ಆ ಮೆಟ್ಟಿಲುಗಳ ನಡುವೆ ಸಾವಿರಾರು ಮೈಲಿ ದೂರದ ಊಟದ ಮೇಜೊಂದು ಬಂದು ಸೇರಿತ್ತು. ಭಾರತದಿಂದ ಕಪ್ಪೆಯ ಹಿಂಗಾಲುಗಳು ಶೀತಲೀಕರಣಗೊಂಡು ಯುರೋಪಿಗೆ, ಅಮೆರಿಕಕ್ಕೆ ಹಡಗೇರುತ್ತಿದ್ದವು. ಬೇಕಾದದ್ದು ಕಾಲು ಮಾತ್ರ, ಜೀವವಿದ್ದಾಗಲೇ ಕತ್ತರಿಸಿ ಉಳಿದ ಮೈ ಎಸೆಯುವುದೂ ಇತ್ತು. ಡಾಲರು ಬಂತು ನಿಜ. ಆದರೆ ಗದ್ದೆಯಲ್ಲಿ ಪುಕ್ಕಟೆಯಾಗಿ ಹುಳ ತಿನ್ನುವವರನ್ನು ಮಾರಿ, ಆ ಕೆಲಸಕ್ಕೆ ಕೀಟನಾಶಕ ಕೊಳ್ಳುವುದು ಯಾವ ಲೆಕ್ಕ ಎಂದು ಪ್ರಾಣಿಪ್ರಿಯರೂ ವಿಜ್ಞಾನಿಗಳೂ ಕೇಳತೊಡಗಿದರು. ಮನೆಯ ಖರ್ಚು ತೂಗಿಸುವ ಹೆಂಗಸರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ. 1987ರಲ್ಲಿ ಭಾರತ ಸರ್ಕಾರ ರಫ್ತು ನಿಷೇಧಿಸಿತು. ತಿನ್ನುವವರ ನಾಲಿಗೆ ಮಾತ್ರ ಬದಲಾಗಲಿಲ್ಲ. ವ್ಯಾಪಾರ ಇಂಡೋನೇಷ್ಯಾದ ಗದ್ದೆಗಳಿಗೆ ಹೊರಳಿತು.

ನಮ್ಮಲ್ಲೂ ಪೂರ್ತಿ ನಿಂತಿಲ್ಲ. ಮಳೆಗಾಲ ಬಂತೆಂದರೆ ಕಾರವಾರದ ಕಡೆಯಿಂದ ಗೋವಾಕ್ಕೆ ಕದ್ದು ಸಾಗಿಸುವಾಗ ಸಿಕ್ಕ ಕಪ್ಪೆಗಳ ಸುದ್ದಿ ಪತ್ರಿಕೆಯಲ್ಲಿ ಬರುವುದುಂಟು. ಓದಿದಾಗಲೆಲ್ಲ ಆ ಒದ್ದೆ ಚೀಲದ ಒದ್ದಾಟ ಕೈಗೆ ತಾಗಿದಂತಾಗುತ್ತದೆ.

ಕಳೆದ ಮಳೆಗಾಲ ತವರಿಗೆ ಹೋಗಿದ್ದೆ. ಗದ್ದೆಯಲ್ಲಿ ಅರ್ಧ ಅಡಿಕೆ ತೋಟವಾಗಿದೆ. ರಾತ್ರಿ ಎಲ್ಲೋ ಎರಡು ಮೂರು ದನಿ ಕೇಳಿತು. ಸದ್ದಿಗೆ ನನಗೆ ನಿದ್ದೆ ಕೆಟ್ಟೀತೆಂದು ಅತ್ತಿಗೆ ಕಿಟಕಿ ಮುಚ್ಚಲು ಬಂದರು. ಇರಲಿ ಬಿಡಿ ಅತ್ತಿಗೆ, ಎಂದೆ.