ದಿನಾಂಕ ಅಕ್ಷ: ದಲಾಲ್ ಸ್ಟ್ರೀಟಿನ ಪಂಚಾಂಗ

ನಕ್ಷೆಯ ಬುಡದಲ್ಲಿ ಎಡದಿಂದ ಬಲಕ್ಕೆ ಹರಿಯುವ ಕಾಲದ ಗೆರೆಯೇ ದಿನಾಂಕ ಅಕ್ಷ. ಅದರಡಿ ಯಾವ ದಿನವನ್ನು ಹೇಗೆ ಬರೆಯಬೇಕೆಂಬುದು ಬರಿಯ ಅಲಂಕಾರದಂತೆ ಕಾಣುತ್ತದೆ. ಮುಂಬೈ ಷೇರುಪೇಟೆಯ ನಕ್ಷೆ ಬಿಡಿಸುವವರಿಗೆ ಮಾತ್ರ ಅದು ತಲೆನೋವು, ಏಕೆಂದರೆ ಪೇಟೆಯ ಪಂಚಾಂಗವೇ ಬೇರೆ.

1875ರಲ್ಲಿ ದಲಾಲರ ಸಂಘವಾಗಿ ಹುಟ್ಟಿದ ದಲಾಲ್ ಸ್ಟ್ರೀಟಿನ ಈ ಪೇಟೆ, ಅಂದರೆ ಬಿಎಸ್‌ಇ, 1978–79ನ್ನು ನೂರು ಅಂಕವೆಂದು ಹಿಡಿದು 1986ರಲ್ಲಿ ಸೆನ್ಸೆಕ್ಸ್ ಸೂಚ್ಯಂಕವನ್ನು ಆರಂಭಿಸಿತು. ಅಲ್ಲಿ ಕೂಗಾಟದ ವ್ಯಾಪಾರ ಹೋಗಿ ಕಂಪ್ಯೂಟರ್ ಬಂದದ್ದು 1995ರಲ್ಲಿ. ಅಮೆರಿಕದ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್, ಬ್ರೌಸರಿನಲ್ಲಿ ನಕ್ಷೆ ಬಿಡಿಸಲು ಬಳಸುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಕಟ್ಟಿದ್ದೂ ಅದೇ ವರ್ಷ. ದಿನಾಂಕದ ವ್ಯವಸ್ಥೆಯನ್ನು ಅದು ಜಾವಾದಿಂದ ಎರವಲು ತಂದಿತು. ತಿಂಗಳುಗಳನ್ನು ಎಣಿಸುವಾಗ ಜನವರಿಗೆ ಸೊನ್ನೆ ಎನ್ನುವ ವಿಚಿತ್ರವೂ ಜೊತೆಗೇ ಬಂತು.

2011ರಲ್ಲಿ ಮೈಕ್ ಬೋಸ್ಟಾಕ್ ಮತ್ತು ಸಂಗಡಿಗರ ಡಿ3, 2013ರಲ್ಲಿ ಚಾರ್ಟ್.ಜೆಎಸ್ ಎಂಬ ನಕ್ಷೆ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಹೊರಬಂದವು. ಅಕ್ಷ ಹಿಗ್ಗಿದಂತೆ ವರ್ಷ, ತಿಂಗಳು, ದಿನಗಳನ್ನು ತಾನೇ ಆರಿಸಿ ಬರೆಯುವ ಜಾಣತನ ಡಿ3ಗಿತ್ತು. ಆದರೆ ಕಾಲಕ್ಕೆ ತಕ್ಕಂತೆ ಅಳೆಯುವ ಅಕ್ಷದಲ್ಲಿ ಪ್ರತಿ ಶನಿವಾರ, ಭಾನುವಾರಕ್ಕೂ ಜಾಗ ಬೇಕು. ಪೇಟೆ ಮುಚ್ಚಿದ ಆ ದಿನಗಳಲ್ಲಿ ಗೆರೆ ಸುಮ್ಮನೆ ಉದ್ದಕ್ಕೆ ಎಳೆದಂತಿರುತ್ತದೆ.

ವಾರಾಂತ್ಯವನ್ನೇ ಕತ್ತರಿಸಿದರೆ?

ಆಗ ಅಡ್ಡ ಬರುವುದು ದೀಪಾವಳಿ. ಲಕ್ಷ್ಮೀಪೂಜೆಯ ದಿನ ಪೇಟೆ ಒಂದು ತಾಸು ‘ಮುಹೂರ್ತ ವಹಿವಾಟಿ’ಗೆ ತೆರೆಯುತ್ತದೆ. 2023ರ ನವೆಂಬರ್ 12 ಭಾನುವಾರ. ಅಂದು ಸಂಜೆ 6.15ರಿಂದ 7.15ರವರೆಗೆ ವ್ಯಾಪಾರ ನಡೆಯಿತು. ಬಜೆಟ್ಟೂ ಹಾಗೆಯೇ: 2025ರ ಫೆಬ್ರುವರಿ 1 ಶನಿವಾರವಾದರೂ ಅದಕ್ಕಾಗಿ ಇಡೀ ದಿನ ವ್ಯಾಪಾರ ನಡೆಯಿತು. ವಾರದ ಹೆಸರು ನೋಡಿ ಕತ್ತರಿ ಹಾಕುವ ಕೋಡ್ ಈ ದಿನಗಳನ್ನೂ ನುಂಗಿಬಿಡುತ್ತದೆ. ಹಾಗಾಗಿ ವ್ಯಾಪಾರ ನಡೆದ ದಿನಗಳನ್ನಷ್ಟೇ ಒಂದರ ಪಕ್ಕ ಒಂದು ಕೂರಿಸಿ, ಪ್ರತಿಯೊಂದರ ಹೆಸರನ್ನು ಬೇರೆ ಫಂಕ್ಷನ್ನಿನಿಂದ ಬರೆಸುವುದು ಸುರಕ್ಷಿತ ದಾರಿ.

ಇನ್ನೊಂದು ತೊಡಕು ಸಮಯವಲಯದ್ದು. ಬರಿಯ ದಿನಾಂಕ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಜಾಗತಿಕ ಸಮಯದ ನಡುರಾತ್ರಿ ಎಂದು ಓದುತ್ತದೆ. ಭಾರತದಲ್ಲಿ ಅದು ಬೆಳಗಿನ 5.30, ದಿನ ಬದಲಾಗದು. ನ್ಯೂಜೆರ್ಸಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಸೋಮವಾರದ ಮುಂಬೈ ವಹಿವಾಟು ಭಾನುವಾರದ ಹೆಸರಿನಲ್ಲಿ ಮೂಡುತ್ತದೆ. ಇದನ್ನು ತಡೆಯಲು ‘ಏಷ್ಯಾ/ಕೋಲ್ಕತಾ’ ಎಂಬ ವಲಯವನ್ನು ನಮೂದಿಸಬೇಕು. 1955ರವರೆಗೂ ತನ್ನದೇ ‘ಬಾಂಬೆ ಸಮಯ’ವನ್ನು ಬಿಡದಿದ್ದ ಮುಂಬೈಗೆ ಕೋಲ್ಕತಾದ ಹೆಸರು!

ಹೆಸರುಗಳನ್ನು ಕನ್ನಡದಲ್ಲೂ ಬರೆಸಬಹುದು. ಬ್ರೌಸರಿನ ‘ಇಂಟ್ಲ್’ ಸೌಲಭ್ಯಕ್ಕೆ ಕನ್ನಡವೆಂದು ಸೂಚಿಸಿದರೆ ತಿಂಗಳ ಹೆಸರು ಕನ್ನಡದಲ್ಲಿ ಬರುತ್ತದೆ, ಅಂಕಿಗಳು ಇಂಗ್ಲಿಷಿನವೇ. ೧, ೨ ಬೇಕೆಂದರೆ ಬೇರೆಯಾಗಿ ಕೇಳಬೇಕು.