ಗಿರಣಿಯವರ ಭಾನುವಾರ

ಭಾನುವಾರ ಸಂಜೆ ಮುಂಬಯಿಯ ಚೌಪಾಟಿಯಲ್ಲಿ ಕಾಲೂರಲು ಎಡೆ ಸಿಕ್ಕುವುದು ಕಷ್ಟ. ಮಗುವನ್ನು ಹೆಗಲಿಗೇರಿಸಿದ ತಂದೆ, ಭೇಲ್‌ಪುರಿಯ ಪೊಟ್ಟಣ ಹಿಡಿದ ತಾಯಿ, ಬೇಡವೆಂದಷ್ಟೂ ನೀರಿಗಿಳಿಯುವ ಹುಡುಗರು. ಕಡಲು, ಗಾಳಿ, ಭಾನುವಾರ, ಈ ಮೂರೂ ಮೊದಲಿನಿಂದಲೇ ಇದ್ದವೆಂದು ನಾವು ತಿಳಿದುಬಿಟ್ಟಿದ್ದೇವೆ. ಮೊದಲೆರಡರ ಮಾತು ಸರಿ. ಮೂರನೆಯದು ಈ ಊರಿನ ಗಿರಣಿ ಕೆಲಸಗಾರರಿಗೆ ದೊರೆತದ್ದು 1890ರ ಜೂನ್ 10ರಂದು.

ತಿರುಗಾಡಲು ಸ್ಥಳವೇನೋ ಮೊದಲೇ ಇತ್ತು. ಬೈಕುಲಾದ ರಾಣಿಬಾಗು ತೆರೆದದ್ದು 1862ರಲ್ಲಿ. ವಿಕ್ಟೋರಿಯಾ ರಾಣಿಯ ಹೆಸರಿನ ಆ ತೋಟಕ್ಕೆ ಈಗ ಜೀಜಾಬಾಯಿಯ ಹೆಸರು. ಮಗ್ಗುಲಲ್ಲೇ 1872ರಲ್ಲಿ ವಸ್ತುಸಂಗ್ರಹಾಲಯ ಬಂತು. ಅದರ ಅಂಗಳದಲ್ಲಿ ಘಾರಾಪುರಿಯ ಕಲ್ಲಾನೆ ನಿಂತಿದೆ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಎತ್ತುಯಂತ್ರ ಮುರಿದು ಆನೆಯೂ ಒಡೆಯಿತು. ಹಾಗಾಗಿ ನಮ್ಮಲ್ಲೇ ಉಳಿಯಿತು. 1874ರಲ್ಲಿ ಕುದುರೆ ಎಳೆಯುವ ಟ್ರಾಮುಗಳು ಓಡತೊಡಗಿದವು. ತೋಟವಿತ್ತು, ಆನೆಯಿತ್ತು, ಟ್ರಾಮಿತ್ತು. ಗಿರಣಿಯವನ ಬಳಿ ದಿನವೊಂದೇ ಇರಲಿಲ್ಲ.

ಗಿರಣಿಗಳಿಗೆ ಆಗ ವಿದ್ಯುದ್ದೀಪ ಬಂದಿರಲಿಲ್ಲ. ಆದ್ದರಿಂದ ಸೂರ್ಯನೇ ಮೇಸ್ತ್ರಿ: ಹುಟ್ಟಿದಾಗ ಕೆಲಸ ಆರಂಭ, ಮುಳುಗಿದಾಗ ಬಿಡುಗಡೆ. ಬೇಸಗೆಯಲ್ಲಿ ಹಗಲು ದೀರ್ಘವಾದಂತೆ ದುಡಿಮೆಯೂ ದೀರ್ಘ. ಹಬ್ಬ ಹುಣ್ಣಿಮೆಗೆ ಗಿರಣಿ ನಿಂತರೆ ಅದೇ ವಿಶ್ರಾಂತಿ.

ಇದನ್ನು ಪ್ರಶ್ನಿಸಿದವರು ನಾರಾಯಣ ಮೇಘಾಜಿ ಲೋಖಂಡೆ. 1848ರಲ್ಲಿ ಹುಟ್ಟಿದ ಇವರು ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತರು. ಗಿರಣಿಯೊಂದರಲ್ಲಿ ಉಗ್ರಾಣ ನೋಡಿಕೊಂಡಿದ್ದು ಕೆಲಸಗಾರರ ಬವಣೆಯನ್ನು ಕಣ್ಣಾರೆ ಕಂಡವರು. 1880ರಿಂದ 'ದೀನಬಂಧು' ಪತ್ರಿಕೆಯ ಹೊಣೆ ಹೊತ್ತರು. 1884ರಲ್ಲಿ ಗಿರಣಿ ಕೆಲಸಗಾರರ ಸಂಘ ಕಟ್ಟಿ, ಸುಮಾರು 5,500 ಮಂದಿಯ ಸಹಿಯುಳ್ಳ ಮನವಿಯನ್ನು ಸರ್ಕಾರದ ಆಯೋಗದ ಮುಂದಿಟ್ಟರು. ಬೇಡಿಕೆಗಳನ್ನು ಓದಿದರೆ ಇಷ್ಟಕ್ಕೂ ಹೋರಾಡಬೇಕಾಯಿತೆ ಎನ್ನಿಸುತ್ತದೆ: ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಮುಂದಿನ ತಿಂಗಳ 15ರೊಳಗೆ ಸಂಬಳ, ಯಂತ್ರಕ್ಕೆ ಸಿಕ್ಕಿ ಗಾಯಗೊಂಡವನಿಗೆ ಪರಿಹಾರ.

ಆರು ವರ್ಷ ಕಾಯಬೇಕಾಯಿತು. ಇಲ್ಲೊಂದು ವಿಚಿತ್ರವಿದೆ. ಭಾರತದ ಗಿರಣಿಗಳಿಗೆ ಕಾನೂನಿನ ಕಡಿವಾಣ ಬೇಕೆಂದು ಹೆಚ್ಚು ಗದ್ದಲ ಮಾಡಿದವರು ಲಂಕಾಶೈರಿನ ಬಟ್ಟೆ ಧಣಿಗಳು. ಅವರ ಕನಿಕರದ ಹಿಂದೆ ಪೈಪೋಟಿಯ ಭಯವಿದ್ದುದು ಸುಳ್ಳಲ್ಲ. ಇದನ್ನು ಕಂಡ ನಮ್ಮ ದೇಶಾಭಿಮಾನಿ ಪತ್ರಿಕೆಗಳಲ್ಲಿ ಅನೇಕವು ಸ್ವದೇಶೀ ಉದ್ಯಮಕ್ಕೆ ಕುತ್ತೆಂದು ಕಾನೂನನ್ನೇ ವಿರೋಧಿಸಿದವು. ಇವರಿಬ್ಬರ ನಡುವೆ, ತನಗೊಂದು ದಿನ ಬೇಕೆಂದು ಕೇಳುತ್ತಿದ್ದವನು ಕೆಲಸಗಾರನೊಬ್ಬನೇ.

1890ರ ಏಪ್ರಿಲಿನಲ್ಲಿ ಲೋಖಂಡೆಯವರು ಕರೆದ ಸಭೆಗೆ ಹತ್ತು ಸಾವಿರ ಜನ ಸೇರಿದರು. ಇಬ್ಬರು ಹೆಂಗಸರೂ ಎದ್ದು ಮಾತಾಡಿದರು. ಆ ಕಾಲಕ್ಕೆ ಇದೇನು ಸಣ್ಣ ಸಂಗತಿಯೆ? ಜೂನಿನಲ್ಲಿ ಗಿರಣಿ ಮಾಲೀಕರ ಸಂಘ ಒಪ್ಪಿತು. ಮರುವರ್ಷ ಕಾರ್ಖಾನೆ ಕಾನೂನಿನಲ್ಲೂ ವಾರದ ರಜೆ ಸೇರಿತು. ಭಾನುವಾರವೆಂದರೆ ಇಂಗ್ಲಿಷರ ಇಗರ್ಜಿಯ ದಿನ ಮಾತ್ರವಲ್ಲ; ಕೊಂಕಣ ಮತ್ತು ಘಟ್ಟದಿಂದ ಬಂದ ಆ ಜನಕ್ಕೆ ಅದು ಖಂಡೋಬನ ವಾರ. ನಮ್ಮ ಮೈಲಾರಲಿಂಗನ ಒಕ್ಕಲಿಗೂ ಅಂತೆಯೇ.

ಲೋಖಂಡೆಯವರು 1897ರಲ್ಲಿ ಪ್ಲೇಗಿಗೆ ತುತ್ತಾದರು. ಅವರ ಅಂಚೆಚೀಟಿ ಹೊರಬಂದದ್ದು 2005ರಲ್ಲಿ.

ಒಬ್ಬನ ರಜೆ ಇನ್ನೊಬ್ಬನಿಗೆ ಕೆಲಸ. ಗಿರಣಿಯವರು ಹೆಂಡಿರು ಮಕ್ಕಳೊಡನೆ ಹೊರಟ ದಿನ ಉಡುಪಿ ಹೋಟೆಲುಗಳಲ್ಲಿ ನೂಕುನುಗ್ಗಲು. ದಕ್ಷಿಣ ಕನ್ನಡದಿಂದ ಬಂದ ಮಾಣಿಗೆ ಅಂದು ಕುಳ್ಳಿರಲೂ ಬಿಡುವಿಲ್ಲ. ಹೋಟೆಲು ಅಂಗಡಿಗಳ ಕೆಲಸಗಾರರಿಗೂ ವಾರಕ್ಕೊಂದು ರಜೆ ಸಿಗಬೇಕೆಂಬ ಕಾನೂನು ಮುಂಬಯಿ ಪ್ರಾಂತದಲ್ಲಿ ಆದದ್ದು 1939ರಲ್ಲಿ, ಗಿರಣಿಯವರಿಗಿಂತ ಸುಮಾರು ಅರ್ಧ ಶತಮಾನ ತಡವಾಗಿ. ಆ ರಜೆಯೂ ಭಾನುವಾರವಲ್ಲ. ಹೀಗೆ ದುಡಿದು ಬಂದ ನಮ್ಮ ಕಡೆಯ ಹಿರಿಯರೊಬ್ಬರು ಹೇಳುತ್ತಿದ್ದರು: "ನನ್ನ ರಜೆ ಮಂಗಳವಾರ, ಮಾರಾಯ. ಚೌಪಾಟಿ ಇಡೀ ನನ್ನದೇ. ಜೊತೆಗೆ ಬರಲಿಕ್ಕೆ ಮಾತ್ರ ಒಬ್ಬನೂ ಇಲ್ಲ!" ಸಂಜೆ ಅವರು ಕನ್ನಡದ ರಾತ್ರಿಶಾಲೆಗೆ ಹೋಗಿ ಕೂರುತ್ತಿದ್ದರಂತೆ.

1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲೋಅರ್ ಪರೇಲಿನ ಫೀನಿಕ್ಸ್ ಗಿರಣಿಯಿದ್ದಲ್ಲಿ ಈಗ ಬೃಹತ್ ಮಾಲ್ ಇದೆ. ಹಳೆಯ ಚಿಮಣಿಯನ್ನು ಉಳಿಸಿಕೊಂಡಿದ್ದಾರೆ. ಭಾನುವಾರ ಅಲ್ಲಿ ಜಾತ್ರೆ. ಕಾವಲಿನವರು, ಗುಡಿಸುವವರು, ಅಂಗಡಿಯ ಹುಡುಗಿಯರು ಅಂದು ರಜೆ ಕೇಳುವಂತಿಲ್ಲ. ರೈಲುಹಳಿ ದುರಸ್ತಿ ಮಾಡುವವರಿಗೂ ಭಾನುವಾರವೇ ಕೆಲಸ. ರಾಣಿಬಾಗೂ ಅಷ್ಟೆ: ಭಾನುವಾರವೆಲ್ಲ ಜನರನ್ನು ಕಂಡು ದಣಿದ ಅದು ತನ್ನ ವಾರದ ರಜೆಯನ್ನು ಬುಧವಾರ ಪಡೆಯುತ್ತದೆ.